ಸೊಂಟಪಟ್ಟಿಯ ಚಾಂಪಿಯನ್

ಕತ್ತರಿ ಅಕ್ಕನದು ಸೋಲೊಪ್ಪುವ ಜಾಯಮಾನವೇ ಅಲ್ಲ. ಬಸ್ಸು ತಪ್ಪಿದರೆ ಡ್ರೈವರ್ ಹೊತ್ತಿಗೆ ಮುಂಚೆ ಹೊರಟ ಎನ್ನುವಳು. ಅಡುಗೆಗೆ ಉಪ್ಪು ಹೆಚ್ಚಾದರೆ ಚಮಚ ದೊಡ್ಡದಾಯಿತು ಎನ್ನುವಳು. ತನ್ನದೇ ಅಂಗಡಿಯ ಒದ್ದೆ ಮೆಟ್ಟಿಲ ಮೇಲೆ ಬಿದ್ದು ಎಡ ಭುಜದ ಮೂಳೆ ಮುರಿದುಕೊಂಡಾಗಲೂ, ತಾನು ಜಾರಿದೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಮೆಟ್ಟಿಲು ಸರಿಯಿಲ್ಲ ಎಂದಳು, ಅದನ್ನು ಒಡೆಸಿ ಹೊಸದಾಗಿ ಕಟ್ಟಿಸಿದಳು. ಭುಜ ಮಾತ್ರ ಅಷ್ಟು ಸುಲಭಕ್ಕೆ ಅವಳ ಮಾತು ಕೇಳಲಿಲ್ಲ.

ಹೆಂಗಸರ ಕೂದಲು ಕತ್ತರಿಸುವುದು ಅವಳ ಕಸುಬು. ಮದುವೆಗೆ ಮುಂಚೆ ಕಲಿತದ್ದು. ಗಂಡ ತೀರಿಕೊಂಡ ಮೇಲೆ ಮನೆ ನಡೆಸಿದ್ದೂ ಮಗನನ್ನು ಓದಿಸಿದ್ದೂ ಅದೇ ಕಸುಬು. ಅಂಗಡಿಯಲ್ಲಿ ಎರಡು ಕುರ್ಚಿ. ಕಿಟಕಿ ಪಕ್ಕದ್ದು ಅವಳದು, ಒಳಗಿನದು ಸೊಸೆಯದು. ಕತ್ತರಿ ಹಿಡಿಯುವುದು ಬಲಗೈಯಾದರೂ ನಿಜವಾದ ಕೆಲಸ ಎಡಗೈಯದು ಎಂದು ಸೊಸೆಗೆ ಹೇಳಿ ಹೇಳಿ ಅವಳ ಕಿವಿ ತೂತು ಮಾಡಿದ್ದಳು. ಕೂದಲನ್ನು ಎರಡು ಬೆರಳ ನಡುವೆ ಹಿಡಿದು, ಮೇಲಕ್ಕೆತ್ತಿ, ಕತ್ತರಿ ದಾಟುವವರೆಗೂ ಅಲುಗದಂತೆ ನಿಲ್ಲಿಸಬೇಕು. ಕೈ ಒಂದು ಬೆರಳಷ್ಟು ಇಳಿದರೂ ಅಂಚು ಸೊಟ್ಟ. ಒಬ್ಬರಾದ ಮೇಲೆ ಒಬ್ಬರು ಬಂದು ಕೂರುತ್ತಾರೆ, ಇಡೀ ದಿನ ಆ ಕೈ ಮೇಲೇ ಇರಬೇಕು.

ಮೂಳೆ ಕೂಡಿಕೊಂಡು ಕೊರಳಿಗೆ ಕಟ್ಟಿದ್ದ ಪಟ್ಟಿ ಬಿಚ್ಚುವಷ್ಟರಲ್ಲಿ ಭುಜ ಬಿಗಿದು ಕೂತಿತ್ತು. ಅಂದಿನಿಂದ ಮಧ್ಯಾಹ್ನವೆಲ್ಲ ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲೇ. ಈಗ ಅಕ್ಕ ಒಂದು ತೀರ್ಮಾನಕ್ಕೆ ಬಂದಿದ್ದಳು: ಬರುವ ಸೋಮವಾರ ತನ್ನ ಕುರ್ಚಿಯ ಹಿಂದೆ ತಾನೇ ನಿಲ್ಲುವುದು. ಸೊಸೆಗೆ ಹೇಳಿದಳು, ಬೀದಿಯವರಿಗೆಲ್ಲ ಹೇಳಿದಳು, ಹಾಲಿನವನಿಗೂ ಬಿಡದೆ ಹೇಳಿದಳು. "ನನ್ನ ಕೈ ಬಂದಿದೆ" ಎಂದಳು.

ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದರೆ, ಅವಳ ಸೊಂಟದಿಂದ.

ಆ ವ್ಯಾಯಾಮದ ಕೋಣೆಯಲ್ಲಿ ಗೋಡೆಗೆ ಹೊಡೆದ ಸಣ್ಣ ಮರದ ಏಣಿಯೊಂದಿತ್ತು, ಬೆರಳುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಲು. ರಾಟೆಗೆ ಹಾಕಿದ ಹಗ್ಗವಿತ್ತು, ರಬ್ಬರ್ ಪಟ್ಟಿಗಳಿದ್ದವು. ಇವು ಯಾವುವೂ ಯಾರಿಗೂ ಬೇಡ. ಎಲ್ಲರಿಗೂ ಬೇಕಾದದ್ದು ಮೂಲೆಯ ಟಿವಿ, ಅದರಲ್ಲಿನ ಬಾಕ್ಸಿಂಗ್ ಆಟ. ಎರಡು ಕೈಗೂ ಒಂದೊಂದು ರಿಮೋಟು ಕಟ್ಟಿಕೊಂಡು ಬೀಸಿದರೆ ಪರದೆಯ ಮೇಲಿನ ಬಾಕ್ಸರ್ ಗುದ್ದುತ್ತಾನೆ. ಭುಜ, ಮೊಣಕೈ ಕೆಟ್ಟವರಿಗೆ ಒಳ್ಳೆಯದೆಂದು ಯಾರೋ ದಾನ ಕೊಟ್ಟದ್ದು. ಕೋಣೆಯನ್ನು ನಡೆಸುತ್ತಿದ್ದ ಫಿಸಿಯೋ ಹುಡುಗಿ ಒಬ್ಬಳೇ. ಒಬ್ಬರ ಕೈ ಹಿಡಿದು ವ್ಯಾಯಾಮ ಮಾಡಿಸುವಾಗ ಉಳಿದವರನ್ನು ಟಿವಿ ಮುಂದೆ ನಿಲ್ಲಿಸುತ್ತಿದ್ದಳು. ಅವರ ಮಗಳ ವಯಸ್ಸಿನವಳಾದರೂ ಎಲ್ಲರ ಬಾಯಲ್ಲಿ ಅವಳು ಮೇಡಂ.

ಆಟದಲ್ಲಿ ಗೆದ್ದವರಿಗೆ ಒಂದು ಬೆಲ್ಟು. ನಿಜಕ್ಕೂ ಅದು ಬೆನ್ನು ನೋವಿನವರಿಗೆಂದು ಕಪಾಟಿನಲ್ಲಿಟ್ಟಿದ್ದ ಹಳೆಯ ಸೊಂಟಪಟ್ಟಿ. ಬಣ್ಣ ಮಾಸಿತ್ತು, ಕೊಕ್ಕೆ ಒಂದು ಹೋಗಿತ್ತು. ಆದರೆ ಅದನ್ನು ಕಟ್ಟಿಕೊಂಡವರ ಮಾತಿಗೆ ಆ ಕೋಣೆಯಲ್ಲಿ ಎದುರಿರಲಿಲ್ಲ. ಫ್ಯಾನಿನ ಕೆಳಗೆ ಯಾರು ಕೂರಬೇಕು, ಕಿಟಕಿ ತೆಗೆಯಬೇಕೋ ಮುಚ್ಚಬೇಕೋ, ಟಿವಿಯ ಸದ್ದು ಎಷ್ಟಿರಬೇಕು, ಎಲ್ಲದಕ್ಕೂ ಚಾಂಪಿಯನ್ ಹೇಳಿದ್ದೇ ಕೊನೆ. ಬೆಲ್ಟು ಕಸಿಯಬೇಕಾದರೆ ಆಟದಲ್ಲೇ ಸೋಲಿಸಬೇಕು. ಲಾರಿ ಮಾವ ಎಷ್ಟೋ ಸಲ ಪ್ರಯತ್ನಪಟ್ಟು ಕೈಸೋತಿದ್ದ. ಆತ ಲಾರಿ ಓಡಿಸುವವನು. ಚಕ್ರ ಬದಲಿಸುವಾಗ ಭುಜ ಕಿತ್ತುಕೊಂಡಿದ್ದ. ಮೊಣಕೈ ಮುರಿದ ಟೀಚರಮ್ಮ ಆಡುತ್ತಿದ್ದುದಕ್ಕಿಂತ ತಪ್ಪು ಹುಡುಕುತ್ತಿದ್ದುದೇ ಹೆಚ್ಚು. ಬೆಲ್ಟು ಅಕ್ಕನ ಸೊಂಟ ಬಿಟ್ಟು ಕದಲಿರಲಿಲ್ಲ.

ಫಿಸಿಯೋ ಹುಡುಗಿ ಆಗಾಗ ಅಳತೆಯ ಪ್ಲಾಸ್ಟಿಕ್ ಪಟ್ಟಿ ಹಿಡಿದು ಬರುತ್ತಿದ್ದಳು. "ಭುಜ ಎತ್ತಬೇಡಿ ಅಕ್ಕ, ಕೈ ಎತ್ತಿ. ನೀವು ಕಿವಿವರೆಗೂ ಭುಜಾನೇ ತರ್ತಾ ಇದ್ದೀರಿ."

"ಎತ್ತಿದ್ದು ಎತ್ತಿದ್ದೇ ತಾನೇ?" ಎನ್ನುತ್ತಿದ್ದಳು ಅಕ್ಕ. "ಕೈ ಸರಿ ಇಲ್ದೇ ಇದ್ರೆ ಇಷ್ಟು ಜನಾನ ನಾನು ಹೊಡೆದು ಮಲಗಿಸ್ತಿದ್ನಾ?"

ಹುಡುಗಿ ಏನೋ ಹೇಳಲು ಹೋಗುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು.

ಹೀಗಿರುವಾಗ, ಅಕ್ಕ ಅಂಗಡಿಗೆ ಮರಳಬೇಕಿದ್ದ ಸೋಮವಾರಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಆ ಆಟದ ಎರಡನೇ ಭಾಗ ಬಂತು. ಮಾರುವವನು ಪೆಟ್ಟಿಗೆ ತಂದು, ಜೋಡಿಸಿ, ಟಿವಿಯ ನೆತ್ತಿಯ ಮೇಲೆ ಒಂದು ಕ್ಯಾಮೆರಾ ಕೂರಿಸಿ ಹೋದ. ಶುಕ್ರವಾರದವರೆಗೆ ಆಡಿ ನೋಡಬಹುದು. ಇಷ್ಟವಾದರೆ ಹಳೆಯದನ್ನು ಬದಲಿಗೆ ಕೊಟ್ಟು ಇದನ್ನು ಇಟ್ಟುಕೊಳ್ಳಬೇಕು, ಇಲ್ಲವಾದರೆ ಇದನ್ನು ವಾಪಸು ಒಯ್ಯುತ್ತಾನೆ. ಎರಡೂ ಬೇಕೆಂದರೆ ಇಲ್ಲ.

"ಆಡೋರು ನೀವು, ನೀವೇ ಪರೀಕ್ಷೆ ಮಾಡಿ ಹೇಳಿ" ಎಂದಳು ಫಿಸಿಯೋ ಹುಡುಗಿ.

"ಅದರಲ್ಲೇನು, ಬೆಲ್ಟು ಇರೋರು ಹೇಳಿದ ಹಾಗೆ" ಎಂದಳು ಟೀಚರಮ್ಮ. ಲಾರಿ ಮಾವನೂ ತಲೆಯಾಡಿಸಿದ.

ಅಕ್ಕ ಸೊಂಟಪಟ್ಟಿ ಬಿಗಿ ಮಾಡಿಕೊಂಡು ಎದ್ದಳು. ಮೊದಲ ಎದುರಾಳಿ ಪರದೆಗೆ ಬಂದಾಗ ಎಲ್ಲರೂ ನಕ್ಕರು. ಹಳೆಯ ಆಟದಲ್ಲೂ ಮೊದಲು ಬರುತ್ತಿದ್ದವನು ಇವನೇ: ದಪ್ಪ ಮೀಸೆ, ಜೋಲು ಹೊಟ್ಟೆ, ಎರಡು ಗುದ್ದಿನ ನಡುವೆ ಆಕಳಿಕೆ. ಇವರೆಲ್ಲ ಅವನಿಗೆ ಸೋಮಾರಿ ಭಾವ ಎಂದು ಹೆಸರಿಟ್ಟು ದಿನವೂ ಬಡಿಯುತ್ತಿದ್ದರು. ಎರಡನೇ ಭಾಗದಲ್ಲಿ ಭಾವನಿಗೆ ವಯಸ್ಸಾಗಿತ್ತು, ಮೀಸೆ ನರೆತಿತ್ತು. ಬೆವರು ಹನಿ ಹನಿಯಾಗಿ ಕಾಣುವಷ್ಟು ಚಿತ್ರ ಚೆನ್ನಾಗಿತ್ತು, ಸುತ್ತ ಜನ ಕೂಗುತ್ತಿದ್ದರು.

"ಪಾಪ, ಮುದುಕನಾಗಿದ್ದಾನೆ. ಮೆತ್ತಗೆ ಹೊಡೀತೀನಿ" ಎಂದಳು ಅಕ್ಕ.

ಹೊಡೆದಳು. ಪರದೆಯ ಮೇಲೆ ಏನೂ ಆಗಲಿಲ್ಲ. ಮತ್ತೆ ಹೊಡೆದಳು. ಭಾವ ಆಕಳಿಸಿ, ಅವಳ ಎಡಗಡೆಯಿಂದ ಬಂದು ದವಡೆಗೆ ಒಂದು ಕೊಟ್ಟ. ಅದೇ ಕಡೆಯಿಂದ ಮತ್ತೊಂದು, ಅದೇ ಕಡೆಯಿಂದ ಮಗದೊಂದು. ಮೊದಲ ಸುತ್ತು ಮುಗಿಯುವ ಮುಂಚೆ ಚಾಂಪಿಯನ್ ಅಂಗಾತ ಬಿದ್ದಿದ್ದಳು. ಬಿದ್ದದ್ದು ಸಾಲದೆಂದು ಆಟ ಆ ಬೀಳುವಿಕೆಯನ್ನು ನಿಧಾನವಾಗಿ ಮೂರು ಕಡೆಯಿಂದ ತೋರಿಸಿತು.

ಅಕ್ಕನ ಪಿತ್ತ ನೆತ್ತಿಗೇರಿತು. "ಈ ಕ್ಯಾಮೆರಾ ಕುರುಡು. ನಾನು ಅಷ್ಟು ಗುದ್ದಿದೆ, ಒಂದಾದ್ರೂ ಹಿಡೀತಾ ಇದು?"

ಲಾರಿ ಮಾವ ನಿಂತ, ಬಿದ್ದ. ಟೀಚರಮ್ಮ ನಿಂತಳು, ಬಿದ್ದಳು, ಆಟದೊಳಗೆ ವೀಕ್ಷಕ ವಿವರಣೆ ಹೇಳುವವನ ಭಾಷೆ ತಪ್ಪು ಎಂದಳು. ಎಂದೂ ಯಾರನ್ನೂ ಸೋಲಿಸದಿದ್ದ ಭಾವನಿಂದ ಇಡೀ ಕೋಣೆ ಏಟು ತಿಂದಿತು. ಹೊಸ ಆಟ ದಂಡ ಎಂದು ಆ ಮಧ್ಯಾಹ್ನವೇ ಒಮ್ಮತವಾಯಿತು. ಫಿಸಿಯೋ ಹುಡುಗಿ ಮಾತ್ರ ಒಂದು ಮಾತು ಹೇಳಿದಳು: "ಹಳೇದು ರಿಮೋಟು ಅಲುಗಿದ್ರೆ ಸಾಕು, ಗುದ್ದು ಅಂತ ಎಣಿಸ್ತಿತ್ತು. ಇದು ಕೈ ಎಲ್ಲಿದೆ ಅಂತ ನೋಡುತ್ತೆ. ಎಡಗೈ ಗದ್ದದಿಂದ ಕೆಳಗೆ ಇಳಿದ್ರೆ ಅವನು ಅಲ್ಲೇ ಹೊಡೀತಾನೆ."

ಯಾರೂ ಸೊಪ್ಪು ಹಾಕಲಿಲ್ಲ. ಅಕ್ಕನೂ ಹಾಕಲಿಲ್ಲ. ಆದರೆ ಬಸ್ಸಿನಲ್ಲಿ ಕೂತು ಮನೆ ಕಡೆ ಹೊರಟಾಗ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡತೊಡಗಿತು. ಮನೆಯ ನಿಲ್ದಾಣ ಬಿಟ್ಟು ಅವಳು ಅಂಗಡಿಯ ಬಳಿ ಇಳಿದಳು.

ಸೊಸೆ ಕೂದಲು ಗುಡಿಸುತ್ತಿದ್ದಳು. ಗಿರಾಕಿಗಳೆಲ್ಲ ಹೋಗಿದ್ದರು.

"ಕೂತ್ಕೋ" ಎಂದಳು ಅಕ್ಕ, ಕಿಟಕಿ ಪಕ್ಕದ ಕುರ್ಚಿ ತೋರಿಸಿ. "ಸೋಮವಾರಕ್ಕೆ ಮುಂಚೆ ಒಂದ್ಸಲ ಕೈ ಆಡಿಸಿ ನೋಡ್ತೀನಿ. ತುದಿ ಅಷ್ಟೇ."

ಸೊಸೆಯ ಕೂದಲು ದಟ್ಟವಾಗಿ ಬೆನ್ನಿನ ತನಕ ಇತ್ತು. ಅವಳಿಗೆ ಅದರ ಮೇಲೆ ಎಷ್ಟು ಪ್ರೀತಿ ಎಂದು ಅತ್ತೆಗೆ ಗೊತ್ತು. ಆದರೂ ಸೊಸೆ ಪೊರಕೆ ಗೋಡೆಗೆ ಒರಗಿಸಿ ಬಂದು ಕೂತಳು. ಅಕ್ಕ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಬಾಚಿ, ಎಡಗೈಯಲ್ಲಿ ಕೂದಲು ಹಿಡಿದು ಎತ್ತಿದಳು. ಬೆರಳುಗಳು ಏನೂ ಮರೆತಿರಲಿಲ್ಲ. ಬಲಗೈಯ ಕತ್ತರಿ ಹಳೆಯ ಸದ್ದಿನಲ್ಲೇ ಓಡಿತು. ಎರಡನೆಯ ಹಿಡಿ ಎತ್ತಿದಳು, ಮೂರನೆಯದು ಎತ್ತಿದಳು. ಎಷ್ಟೋ ತಿಂಗಳ ಮೇಲೆ ಅವಳಿಗೆ ಖುಷಿಯಾಯಿತು.

ಆಮೇಲೆ ಕನ್ನಡಿ ನೋಡಿದಳು. ಒಂದು ಕಡೆಯ ಕೂದಲು ಸರಿಯಾಗಿ ನಿಂತಿತ್ತು, ಮತ್ತೊಂದು ಕಡೆಯದು ಇಳಿಜಾರು ದಾರಿಯಂತೆ ಜಾರಿತ್ತು. ಸರಿಮಾಡಲು ಮತ್ತೆ ಎತ್ತಿದಳು. ಈ ಸಲ ಕೂದಲನ್ನಲ್ಲ, ಕೈಯನ್ನು ನೋಡಿದಳು. ಭುಜ ಕಿವಿಯ ಪಕ್ಕ ಬಂದಿತ್ತು, ಸೊಂಟ ವಾಲಿತ್ತು. ಕೈ ಮಾತ್ರ ಎದೆಯ ಮಟ್ಟದಲ್ಲೇ ನಡುಗುತ್ತಾ, ಅವಳು ನೋಡುತ್ತಿರುವಾಗಲೇ ಕೆಳಗೆ ಇಳಿಯಿತು. ತಾನು ಎತ್ತಿದ್ದೇನೆ ಎಂದು ಮನಸ್ಸು ಹೇಳುತ್ತಿದ್ದಾಗಲೇ ಅದು ಇಳಿಯುತ್ತಿತ್ತು.

ಸೊಸೆ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿದಳು. "ಚೆನ್ನಾಗಿದೆ ಅತ್ತೆ" ಎಂದಳು. "ಈಗ ಹೀಗೆ ಒಂದು ಕಡೆ ಇಳಿಬಿಡೋದೇ ಫ್ಯಾಷನ್ನು. ಮೊನ್ನೆ ಒಬ್ಬಳು ಕೇಳಿ ಮಾಡಿಸ್ಕೊಂಡ್ಲು."

ಸೊಸೆಯ ಒಳ್ಳೆಯತನ ಅಕ್ಕನಿಗೆ ಕಪಾಳಕ್ಕೆ ಹೊಡೆದಂತೆ ಆಯಿತು. ಮನೆಯಲ್ಲಿ ಮೇಲಿನ ಗೂಡಿನ ಡಬ್ಬಗಳೆಲ್ಲ ಯಾವಾಗ ಕೆಳಗೆ ಇಳಿದವು? ಬೆಳಿಗ್ಗೆ ಜಡೆ ಹೆಣೆಯಲು ಸೊಸೆ ತಾನಾಗಿಯೇ ಬಂದು ನಿಲ್ಲುತ್ತಿದ್ದುದು ಯಾವಾಗಿನಿಂದ? ಹಿಂದೆ ಗುಂಡಿಯಿದ್ದ ರವಿಕೆಗಳೆಲ್ಲ ಮುಂದೆ ಗುಂಡಿಯವಾಗಿದ್ದವು. ಮನೆಯವರೆಲ್ಲ ಬೇಕೆಂದೇ ಅವಳಿಗೆ ಸೋಲುತ್ತಾ ಬಂದಿದ್ದರು. ಆ ಹಳೆಯ ಆಟವೂ ಸೋತಿತ್ತು. ಮುಖಕ್ಕೆ ಹೊಡೆದು ನಿಜ ಹೇಳಿದವನು ಒಬ್ಬ ನರೆತ ಮೀಸೆಯ ಭಾವ.

ಅಕ್ಕನಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಪೊರಕೆ ಎತ್ತಿಕೊಂಡು ಬಲಗೈಯಲ್ಲೇ ಸೊಸೆಯ ಕೂದಲನ್ನು ಗುಡಿಸಿದಳು.

ಮಾರನೆಯ ದಿನ ಅವಳು ಎಲ್ಲರಿಗಿಂತ ಮುಂಚೆ ಆಸ್ಪತ್ರೆಗೆ ಹೋದಳು.

"ನಿಮಗೆ ಗೊತ್ತಿತ್ತಾ ಮೇಡಂ, ಇಷ್ಟು ದಿನ ನಾನು ಮಣಿಕಟ್ಟು ಅಲ್ಲಾಡಿಸಿ ಗೆಲ್ತಿದ್ದೆ ಅಂತ?"

ಫಿಸಿಯೋ ಹುಡುಗಿ ಸುಳ್ಳು ಹೇಳಲಿಲ್ಲ. "ಗೊತ್ತಿತ್ತು ಅಕ್ಕ. ಹೇಳಿದ್ದೆ ಕೂಡ. ನೀವು ಬೆಲ್ಟು ತೋರಿಸ್ತಿದ್ರಿ. ಆಟ ತೆಗೆದಿದ್ರೆ ನೀವ್ಯಾರೂ ಬರ್ತಾನೇ ಇರ್ಲಿಲ್ಲ, ಅದಕ್ಕೆ ನಾನೂ ಸುಮ್ಮನಾದೆ."

"ಸರಿ, ಹೊಸದನ್ನ ಹಾಕಿ."

ಆ ವಾರ ಅಕ್ಕ ಪಟ್ಟು ಹಿಡಿದು ಹೊಸ ಆಟವನ್ನು ಪರೀಕ್ಷಿಸಿದಳು. ಕೂದಲು ಕತ್ತರಿಸುವ ಕೆಲಸಕ್ಕೆ ಬಂದ ಹೊಸ ಹುಡುಗಿಯನ್ನು ಹೇಗೆ ಪರೀಕ್ಷಿಸುತ್ತಾಳೋ ಹಾಗೆ, ಒಂದು ಚೂರೂ ಬಿಡದೆ. ಚೀಲಕ್ಕೆ ಗುದ್ದುವ ಪಾಠ ಚೆನ್ನಾಗಿದೆ, ಯಾವ ಗುದ್ದು ಯಾಕೆ ತಲುಪಲಿಲ್ಲ ಎಂದು ತೋರಿಸುತ್ತದೆ. ಹಗ್ಗ ಜಿಗಿಯುವ ಪಾಠ ಮೊಣಕಾಲು ನೋವಿನವರಿಗೆ ಶತ್ರು. ವಿವರಣೆಯವನು ಬಾಯಿಬಡುಕ, ಅವನ ಬಾಯಿ ಮುಚ್ಚಿಸುವ ಗುಂಡಿ ಎಲ್ಲಿದೆ ಎಂದು ಹುಡುಕಿ ಮುಚ್ಚಿಸಿದಳು. ಬಿದ್ದದ್ದನ್ನು ಮೂರು ಸಲ ತೋರಿಸುವುದನ್ನು ನಿಲ್ಲಿಸುವ ಗುಂಡಿಯೂ ಸಿಕ್ಕಿತು. ಅದನ್ನು ಮಾತ್ರ ಒತ್ತಲಿಲ್ಲ. ತಾನು ಬೀಳುವ ಮುಂಚೆ ಎಡಗೈ ಎಲ್ಲಿರುತ್ತದೆ ಎಂದು ಅದರಲ್ಲೇ ನೋಡಿ ತಿಳಿದುಕೊಂಡಳು. ನಡುನಡುವೆ ಹೋಗಿ, ಈವರೆಗೆ ಮೂಗು ಮುರಿಯುತ್ತಿದ್ದ ಗೋಡೆಯ ಏಣಿಗೆ ಬೆರಳು ಹತ್ತಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತಿತ್ತು. ಭಾವನ ಕೈಲಿ ದಿನವೂ ಸೋತಳು.

ಲಾರಿ ಮಾವ ಹಳೆಯ ಆಟಕ್ಕೆ ಕಾದು ಕಾದು ಬೇಸತ್ತ. "ಬೇಡ ಅಂತ ಮೊದಲ ದಿನಾನೇ ಆಯ್ತಲ್ಲಕ್ಕ. ಇನ್ನೂ ಯಾಕೆ ಮೀನಮೇಷ ಎಣಿಸ್ತೀರಿ?"

"ಶುಕ್ರವಾರ ಹೇಳ್ತೀನಿ."

ಶುಕ್ರವಾರ ಮಾರುವವನು ಬಂದು ಬಾಗಿಲ ಬಳಿ ನಿಂತ. ಅವನ ಹಿಂದೆಯೇ, ಅತ್ತೆಯನ್ನು ಕರೆದುಕೊಂಡು ಹೋಗಲು ಸೊಸೆಯೂ ಬಂದಳು. ಕೂದಲನ್ನು ಗಂಟು ಕಟ್ಟಿ ಮುಚ್ಚಿಟ್ಟಿದ್ದಳು.

"ಹೊಸದು ಇರಲಿ. ಹಳೇದನ್ನ ಕೊಟ್ಟುಬಿಡಿ" ಎಂದಳು ಅಕ್ಕ.

ಕೋಣೆಯಲ್ಲಿ ಗದ್ದಲವೋ ಗದ್ದಲ. ಟೀಚರಮ್ಮ ಇದು ಅನ್ಯಾಯ ಎಂದಳು. ಲಾರಿ ಮಾವ ಎದ್ದೇ ನಿಂತ. "ಅದರಲ್ಲಿ ನೀವು ಒಂದು ಸಲಾನೂ ಗೆದ್ದಿಲ್ಲ. ಸೋತವರು ಚಾಂಪಿಯನ್ ಹೇಗಾಗ್ತಾರೆ? ನಿಮ್ಮ ಮಾತು ನಡೆಯಲ್ಲ."

"ಬೆಲ್ಟು ನನ್ನ ಸೊಂಟದಲ್ಲಿದೆ ಮಾವ. ಬೇಕಾದ್ರೆ ಬಿಚ್ಚಿಸ್ಕೊಳ್ಳಿ. ಹಳೇ ಆಟದಲ್ಲೇ ಬನ್ನಿ."

ಲಾರಿ ಮಾವನಿಗೆ ಅದೇ ಬೇಕಿತ್ತು. ಮಾರುವವನನ್ನು ಕಾಯಿಸಿ ಹಳೆಯದನ್ನು ಜೋಡಿಸಿದರು. ಅಕ್ಕ ನಿಲ್ಲಲಿಲ್ಲ. ಕುರ್ಚಿ ಎಳೆದು ಕೂತು, ಎಡ ಮೊಣಕೈಯನ್ನು ಅದರ ಕೈಯ ಮೇಲೆ ಊರಿ, ಮಣಿಕಟ್ಟು ಮಾತ್ರ ಚಟಚಟನೆ ಅಲ್ಲಾಡಿಸಿದಳು. ಲಾರಿ ಮಾವ ಬೆವರು ಸುರಿಸಿ ಬೀಸಿದ. ಎರಡನೆಯ ಸುತ್ತಿನಲ್ಲಿ ಅವನ ಬಾಕ್ಸರ್ ಮಲಗಿದ. ಅಭ್ಯಾಸಬಲದಿಂದ ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು.

ಅಕ್ಕ ರಿಮೋಟು ಬಿಚ್ಚಿಟ್ಟು ಗೋಡೆಯ ಏಣಿಯ ಹತ್ತಿರ ಹೋದಳು. "ಮೇಡಂ, ಬನ್ನಿ. ನನ್ನ ಭುಜ ಗಟ್ಟಿಯಾಗಿ ಅದುಮಿ ಹಿಡೀರಿ, ಮೇಲೆ ಬರೋಕೆ ಬಿಡಬೇಡಿ. ಸೊಂಟಾನೂ ವಾಲದ ಹಾಗೆ ನೋಡ್ಕೊಳ್ಳಿ."

ಫಿಸಿಯೋ ಹುಡುಗಿ ಹಿಡಿದಳು. ಎಡಗೈಯ ಬೆರಳುಗಳು ಏಣಿಯ ಕೆಳಗಿನ ಮೆಟ್ಟಿಲಿಂದ ಹತ್ತತೊಡಗಿದವು. ಹೊಟ್ಟೆಯ ಮಟ್ಟ ದಾಟಿದವು, ಎದೆಯ ಮಟ್ಟಕ್ಕೆ ಬಂದವು. ಅಲ್ಲಿಗೆ ನಿಂತವು. ಅಕ್ಕನ ಕುತ್ತಿಗೆಯ ನರ ಉಬ್ಬಿತು, ತುಟಿ ಬಿಳುಚಿತು. ಬೆರಳು ಮೇಲಿನ ಮೆಟ್ಟಿಲಿಗೆ ತಡಕಾಡಿ, ಸಿಗದೆ, ಜಾರಿತು.

"ನೋಡಿದ್ರಾ ಮಾವ? ಈಗಷ್ಟೇ ನಿಮ್ಮನ್ನ ಹೊಡೆದು ಮಲಗಿಸಿದ್ದು ಇದೇ ಕೈ."

ಚಪ್ಪಾಳೆ ತಟ್ಟಿದ್ದವರು ತಮ್ಮ ತಮ್ಮ ಕೈ ನೋಡಿಕೊಂಡರು.

"ಈ ಕೈ ನಂಬ್ಕೊಂಡು ನಾನು ಸೋಮವಾರ ಅಂಗಡಿಗೆ ಹೋಗೋಳಿದ್ದೆ. ಹೋಗಲ್ಲ" ಎಂದಳು ಅಕ್ಕ. ಆಮೇಲೆ ಬಾಗಿಲ ಕಡೆ ತಿರುಗಿ ಸೊಸೆಗೆ ಹೇಳಿದಳು, "ನನ್ನ ಕೈ ಬಂದಿಲ್ಲ ಕಣಮ್ಮ. ನಿನ್ನ ಕೂದಲನ್ನ ಹಾಳು ಮಾಡಿದೆ. ಅದು ಫ್ಯಾಷನ್ ಅಲ್ಲ, ಸೊಟ್ಟ."

ಸೊಸೆ ತಲೆ ತಗ್ಗಿಸಿದಳು. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಅವಳ ಮುಖ ಕೆಂಪಾಗಿತ್ತು.

ಲಾರಿ ಮಾವ ಹೊತ್ತು ಕಳೆಯಲೆಂಬಂತೆ ಹೋಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಏಣಿಯ ಮೇಲೆ ತನ್ನ ಬೆರಳಿಟ್ಟ. ಅವನ ಕೈ ಅಕ್ಕನ ಕೈಯಷ್ಟೂ ಹತ್ತಲಿಲ್ಲ. ಆ ಕೈಯಲ್ಲಿ ಸ್ಟೀರಿಂಗ್ ಹಿಡಿದು ಹೆದ್ದಾರಿಗೆ ಇಳಿಯಬೇಕೆಂದಿದ್ದ ಮನುಷ್ಯ ಅವನು. ಬೆರಳು ತೆಗೆದು, ಗೋಡೆಯ ಕಡೆಗೇ ಮುಖ ಮಾಡಿ ಮಾರುವವನಿಗೆ ಹೇಳಿದ, "ಹಳೇದನ್ನ ತಗೊಂಡು ಹೋಗಪ್ಪ. ಬೇಗ ತಗೊಂಡು ಹೋಗು, ಮನಸ್ಸು ಬದಲಾಗೋದ್ರೊಳಗೆ."

ಟೀಚರಮ್ಮನೂ ಅಡ್ಡ ಬರಲಿಲ್ಲ. ಮಾರುವವನು ಹಳೆಯ ಪೆಟ್ಟಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದ. ಅಕ್ಕ ಸೊಂಟಪಟ್ಟಿ ಬಿಚ್ಚಿ ಕಪಾಟಿನಲ್ಲಿಟ್ಟಳು. ಭಾವನನ್ನು ಮೊದಲು ಸೋಲಿಸಿದವರು ಕಟ್ಟಿಕೊಳ್ಳಲಿ, ಅಲ್ಲಿಯವರೆಗೆ ಫ್ಯಾನಿನ ಕೆಳಗೆ ಯಾರಿಗೆ ಸೆಕೆಯೋ ಅವರು ಕೂರಲಿ ಎಂದಳು.

"ಹೋಗೋಣ್ವಾ ಅತ್ತೆ?" ಎಂದಳು ಸೊಸೆ.

"ತಾಳು. ಒಂದು ಆಟ."

ಪರದೆಯ ಮೇಲೆ ಭಾವ ಬಂದು ಆಕಳಿಸಿದ. ಗಂಟೆ ಹೊಡೆಯಿತು. ಅಕ್ಕ ಎರಡೂ ಕೈಗಳನ್ನು ಮುಖದ ಮುಂದೆ ತಂದು ನಿಂತಳು. ಎಡಗೈ ಗದ್ದದ ಕೆಳ ಅಂಚಿಗೆ ಬಂದು, ಅಲ್ಲಿ ನಿಲ್ಲಲಾರದೆ ನಡುಗಿತು. ಭಾವ ಹೊಡೆದ. ಅವಳು ತಾಳಿಕೊಂಡಳು. ಬಲಗೈಯಿಂದ ಒಂದು ಗುದ್ದು ಕೊಟ್ಟಳು, ಅದು ತಲುಪಿತು. ಎಡಗೈ ನಿಧಾನವಾಗಿ ಜಾರತೊಡಗಿತ್ತು, ಅವಳ ಗಮನವೆಲ್ಲ ಪರದೆಯ ಮೇಲಿತ್ತು. ಅವಳಿಗೆ ಅದು ತಿಳಿಯಲಿಲ್ಲ.

ಮದುವೆಯಾಗಿ ಬಂದ ದಿನದಿಂದ ಅತ್ತೆಗೆ ಎದುರು ಮಾತಾಡದ ಸೊಸೆ ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದಳು.

"ಅತ್ತೆ" ಎಂದಳು. "ಎಡಗೈ ಇಳೀತಾ ಇದೆ."

"ಜೋರಾಗಿ ಹೇಳೇ" ಎಂದಳು ಅಕ್ಕ, ತಿರುಗಿ ನೋಡದೆ.

"ಇಳೀತಾ ಇದೆ ಅತ್ತೆ. ಎತ್ತಿ. ಭುಜ ಅಲ್ಲ, ಕೈ ಎತ್ತಿ."

ಅಕ್ಕ ಹಲ್ಲು ಕಚ್ಚಿ ಕೈ ಎತ್ತಿದಳು.